ಅರಿಶಿಣ ಹಚ್ಚಿದ ಅಗ್ರಿಮೆಂಟು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರು ಮಾರುತ್ತಿದ್ದ ಕಾರು ಯಾವ ಕಂಪನಿಯದೆಂದು ಬಳ್ಳಾರಿಯಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾದರೆ ಆ ಕಂಪನಿ ನನಗೊಂದು ನೋಟಿಸು ಕಳಿಸುತ್ತದೆ. ನೋಟಿಸು ಕಳಿಸುವುದರಲ್ಲಿ ಕಂಪನಿಯವರ ಕೈ ಎಷ್ಟು ಚುರುಕು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನೋಟಿಸಿಗೆ ಹೆದರುವ ಪೈಕಿ ನಾನಲ್ಲ; ನಾನೇ ವಕೀಲ, ನನ್ನ ಆಫೀಸಿನಿಂದಲೂ ದಿನಕ್ಕೊಂದೆರಡು ನೋಟಿಸು ಹೋಗುತ್ತವೆ. ಆದರೆ ಅವರ ಹೆಸರನ್ನು ಆ ಕಂಪನಿಯ ಕಾಗದದ ಮೇಲೆ ಇನ್ನೊಂದು ಸಲ ನೋಡುವ ಮನಸ್ಸು ನನಗಿಲ್ಲ.

ಹೋದ ದೀಪಾವಳಿಯಾದ ಮರುವಾರ ಅವರು ತೀರಿಕೊಂಡರು. ಊರಿನ ಪತ್ರಿಕೆಯೊಂದರ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು, ‘ಉದ್ಯಮಿ ನಿಧನ’ ಎಂದು. ಓದಿ ಮೈ ಉರಿಯಿತು. ಉದ್ಯಮಿಯಂತೆ! ಅವರ ಬೆರಳು ನೋಡಿದ ಯಾರೂ ಆ ಮಾತು ಬರೆಯುತ್ತಿರಲಿಲ್ಲ. ಹನ್ನೊಂದು ವರ್ಷ ಗಾಜಿನ ಶೋರೂಮಿನಲ್ಲಿ ಕೂತರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಹೋಗಲಿ ಎಂದು ಅವರೂ ತಿಕ್ಕಿದವರಲ್ಲ.

ಹುಟ್ಟಿದ್ದು ಕುರುಗೋಡಿನಲ್ಲಿ. ಅಪ್ಪ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕೆಲಸದವರು. ಇವರು ಏಳನೆಯ ಕ್ಲಾಸಿಗೆ ಸಾಲಿ ಬಿಟ್ಟು ಬಳ್ಳಾರಿಯ ಕೌಲ್ ಬಜಾರಿಗೆ ಬಂದು, ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ ಕೆಲಸ ಕಲಿತರು. ಉಸ್ತಾದರು ತೀರಿಹೋದ ಮೇಲೆ ಅದೇ ಓಣಿಯಲ್ಲಿ ಸ್ವಂತ ಗ್ಯಾರೇಜು ಹಾಕಿದರು. ನನ್ನ ಮೊದಲ ಸ್ಕೂಟರು, ಆಮೇಲೆ ನನ್ನ ಮೊದಲ ಹಳೇ ಕಾರು, ಎರಡನ್ನೂ ಜೀವಂತ ಇಟ್ಟವರು ಅವರೇ. ಎಂಜಿನ್ನಿನಲ್ಲಿ ಸದ್ದು ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸುತ್ತ ಆಟೋಗಳ ಗದ್ದಲ, ಮಸೀದಿಯ ಮೈಕು, ಪಕ್ಕದ ಅಂಗಡಿಯಲ್ಲಿ ಮಿರ್ಚಿ ಕರಿಯುವ ಸದ್ದು. ಅದರೊಳಗೆ ಏನು ಕೇಳಿಸುತ್ತಿತ್ತೋ. ನಾನು ಬಾಯಿ ತೆಗೆದರೆ ಕೈಯೆತ್ತಿ ಸುಮ್ಮನಾಗಿಸುತ್ತಿದ್ದರು.

“ಅದು ಹೇಳ್ತೈತ್ರಿ ವಕೀಲ್ರ. ನಾವು ಬಾಯಿ ಮುಚ್ಚಿದ್ರ ಸಾಕು.”

ವಕೀಲನಿಗೆ ಹೇಳುವ ಮಾತೇ ಅದು? ಆದರೂ ನಾನು ಬಾಯಿ ಮುಚ್ಚುತ್ತಿದ್ದೆ. ಒಮ್ಮೆಯೂ ಅವರ ರೋಗನಿದಾನ ತಪ್ಪಿದ್ದು ನನಗೆ ನೆನಪಿಲ್ಲ.

ಗ್ಯಾರೇಜಿನ ಜೊತೆಗೆ ಹಳೇ ಕಾರು, ಜೀಪು ಕೊಡಿಸುವ ಕೆಲಸವೂ ಬೆಳೆಯಿತು. ಸಿರುಗುಪ್ಪದ ಅಕ್ಕಿ ಗಿರಣಿಯವರು, ತೆಕ್ಕಲಕೋಟೆಯ ಮಾಸ್ತರರು, ಆಂಧ್ರದ ಗಡಿಯಾಚೆಯ ರೆಡ್ಡಿಗಳು, ಎಲ್ಲರೂ ಇವರನ್ನು ಕೇಳದೆ ಗಾಡಿ ಕೊಳ್ಳುತ್ತಿರಲಿಲ್ಲ. ತೆಲುಗಿನವರ ಜೊತೆ ತೆಲುಗು, ಉರ್ದುವಿನವರ ಜೊತೆ ಉರ್ದು, ಆದರೆ ವ್ಯವಹಾರ ಮುಗಿಯುವಾಗ ಹೇಳುವ ಮಾತು ಮಾತ್ರ ಎಲ್ಲರಿಗೂ ಕನ್ನಡದ್ದೇ. “ನಾ ಅದೀನ್ರಿ.” ನಾನಿದ್ದೇನೆ ಎಂದು, ಅಷ್ಟೇ. ಅದರ ಹಿಂದೆ ಮುಂದೆ ಏನೂ ಇರುತ್ತಿರಲಿಲ್ಲ. ಗಾಡಿ ನಡುದಾರಿಯಲ್ಲಿ ನಿಂತರೆ ಆ ಎರಡು ಮಾತು ನೆನೆಸಿಕೊಂಡು ಜನ ಇವರಿಗೆ ಫೋನು ಮಾಡುತ್ತಿದ್ದರು. ಇವರು ಹೋಗುತ್ತಿದ್ದರು.

ಅದನ್ನು ನೋಡಿಯೇ ಕಂಪನಿಯವರು ಇವರನ್ನು ಹುಡುಕಿಕೊಂಡು ಬಂದದ್ದು. ಆಗ ಆ ಕಂಪನಿಯ ಕಾರಿನ ಹೆಸರನ್ನು ನಮ್ಮ ಕಡೆ ಕೇಳಿದವರಿರಲಿಲ್ಲ. ಇವರ ಮಾತಿನ ಮೇಲೆ ತಮ್ಮ ಕಾರು ಓಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗ್ಯಾರೇಜು ಮಾರಿಸಿದರು, ಸಿರುಗುಪ್ಪ ರಸ್ತೆಯಲ್ಲಿ ಶೋರೂಮು ಕಟ್ಟಿಸಿದರು. ನೆಲದ ಟೈಲ್ಸು ಇಂಥದೇ, ಇಂಥವರ ಹತ್ತಿರವೇ ಕೊಳ್ಳಬೇಕು. ಕುರ್ಚಿಯ ಬಣ್ಣ ಇದೇ. ಬೋರ್ಡು ಇಷ್ಟೇ ಎತ್ತರ. ಕೊನೆಗೆ ಕಕ್ಕಸಿನ ಕನ್ನಡಿಯ ಅಳತೆಗೂ ಒಂದು ಹಾಳೆ ಬಂತು. ಅದನ್ನು ನನಗೆ ತೋರಿಸಿ ನಕ್ಕಿದ್ದರು. “ನನ್ನ ಮಾರಿ ಎಷ್ಟುದ್ದ ಕಾಣಬೇಕಂತನೂ ಅವ್ರ ಹೇಳ್ತಾರ ನೋಡ್ರಿ.”

ಈಗ ಅಗ್ರಿಮೆಂಟಿನ ದಿನಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕಾಗಿ, ತಪ್ಪಿಸಿಕೊಳ್ಳುವಂತಿಲ್ಲ.

ಶೋರೂಮಿನ ಪೂಜೆಯ ದಿನವೇ ಸಹಿ. ಕುರುಗೋಡಿನಿಂದ ಅಯ್ಯನವರು ಬಂದಿದ್ದರು. ಬಾಗಿಲಿಗೆ ಮಾವಿನ ತೋರಣ, ನಡುವೆ ಹೊಸ ಕಾರು, ಅದರ ಮುಂದೆ ಮಣೆಯ ಮೇಲೆ ಕಲಶ. ಬೆಂಗಳೂರಿನಿಂದ ಬಂದ ಕಂಪನಿಯ ಅಧಿಕಾರಿ ನೀಲಿ ಕೋಟು ಹಾಕಿಕೊಂಡು, ಬೂಟು ಬಿಚ್ಚಿ, ಕಾಲುಚೀಲದಲ್ಲಿ ನಿಂತಿದ್ದ. ಮುಹೂರ್ತಕ್ಕೆ ಕಾಲು ತಾಸು ಇರುವಾಗ ಅಗ್ರಿಮೆಂಟು ಹೊರಗೆ ಬಂತು. ಎಲ್ಲ ಇಂಗ್ಲಿಷು, ಒಂದು ಮದುವೆ ಆಲ್ಬಮ್ಮಿನಷ್ಟು ದಪ್ಪ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟರು. “ಒಂದೀಟು ನೋಡ್ರಿ ವಕೀಲ್ರ. ನನಗ ಇಂಗ್ಲಿಷ್ ಬರಂಗಿಲ್ಲ.”

ನಾನು ನೋಡಿದೆ. ಬಿರಬಿರನೆ ನೋಡಿದರೂ ಕಣ್ಣಿಗೆ ಬೀಳಬೇಕಾದದ್ದು ಬಿತ್ತು. ಡೀಲರು ಕಂಪನಿಯ ಏಜೆಂಟನಲ್ಲ, ಸ್ವತಂತ್ರ ವ್ಯಾಪಾರಿ. ಕಂಪನಿಯಿಂದ ಕಾರು ಕೊಂಡು ತನ್ನ ಹೊಣೆಯ ಮೇಲೆ ಮಾರುವವನು. ಟೈಲ್ಸು, ಕುರ್ಚಿ, ಕನ್ನಡಿ ಅವರು ಹೇಳಿದಂತೆ, ಆದರೆ ಈತ ಸ್ವತಂತ್ರ! ಕಂಪನಿ ಮೂವತ್ತು ದಿನದ ನೋಟಿಸು ಕೊಟ್ಟು, ಕಾರಣ ಹೇಳದೆ, ಡೀಲರ್‌ಶಿಪ್ಪು ರದ್ದು ಮಾಡಬಹುದು. ರದ್ದಾದರೆ ಕಟ್ಟಡಕ್ಕಾಗಲಿ, ಗಳಿಸಿಕೊಟ್ಟ ಹೆಸರಿಗಾಗಲಿ ಪರಿಹಾರ ಕೇಳುವಂತಿಲ್ಲ. ಜಗಳ ಬಂದರೆ ವಿಚಾರಣೆ ಉತ್ತರ ಭಾರತದಲ್ಲಿರುವ ಕಂಪನಿಯ ಊರಲ್ಲೇ ನಡೆಯಬೇಕು.

ನೀಲಿ ಕೋಟಿನವನಿಗೆ ಆ ಪುಟ ತೋರಿಸಿ ಕೇಳಿದೆ. ಅವನು ನಕ್ಕು, “ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್. ದೇಶಕ್ಕೆಲ್ಲ ಇದೇ” ಎಂದ. ಅವನು ಸುಳ್ಳು ಹೇಳಲಿಲ್ಲ. ಬೇರೆ ಕಂಪನಿಗಳ ಅಗ್ರಿಮೆಂಟನ್ನೂ ನಾನು ನೋಡಿದ್ದೆ, ಎಲ್ಲವೂ ಹೆಚ್ಚುಕಡಿಮೆ ಹಾಗೇ. ಹೊರದೇಶಗಳಲ್ಲಿ ಡೀಲರನ್ನು ಹೀಗೆ ಏಕಾಏಕಿ ತೆಗೆದುಹಾಕದಂತೆ ಕಾನೂನು ಮಾಡಿಕೊಂಡಿದ್ದಾರೆ, ನಮ್ಮಲ್ಲಿ ಅಂಥದೊಂದಿಲ್ಲ. ಇಬ್ಬರೂ ಒಪ್ಪಿ ಸಹಿ ಮಾಡಿದರೆ ಮುಗಿಯಿತು. ಇಡೀ ದೇಶಕ್ಕೆ ಕಾರು ಮಾಡುವ ಕಂಪನಿಯೂ ಕುರುಗೋಡಿನ ಮೆಕ್ಯಾನಿಕ್ಕೂ ಸಮಾನರೆಂದು ನಮ್ಮ ಕರಾರಿನ ಕಾನೂನು ನಂಬಿಕೊಂಡು ಕೂತಿದೆ.

ಅಯ್ಯನವರು ಗಡಿಯಾರ ನೋಡಿದರು. ಇವರ ಹೆಂಡತಿ, ಮನೆಯ ತುಂಬ ನೆಂಟರು, ಕೌಲ್ ಬಜಾರಿನಿಂದ ಬಂದ ಹಳೇ ಗೆಳೆಯರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದೆ: “ಎಲ್ಲಾರದೂ ಹಿಂಗ ಇರ್ತೈತಿ ಅಣ್ಣಾರ. ಸಹಿ ಮಾಡ್ರಿ.”

ಅವರು ಸಹಿ ಮಾಡಿದರು. ಪುಟಪುಟಕ್ಕೂ, ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ. ಆಮೇಲೆ ಅಗ್ರಿಮೆಂಟನ್ನು ಕಲಶದ ಮುಂದಿಟ್ಟು ಅರಿಶಿಣ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಹಳದಿ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದರು. ಅದು ಅವರ ಮನೆಯ ದೇವರ ಕೋಣೆಗೆ ಹೋಯಿತು. ಪ್ರತಿ ವರ್ಷ ಕಂಪನಿಯಿಂದ ಹೊಸ ಹಾಳೆಗಳು ಬರುತ್ತಿದ್ದವು, ಅವಕ್ಕೂ ಸಹಿ, ಅವಕ್ಕೂ ಅರಿಶಿಣ, ಅವೂ ಆ ಗಂಟಿನೊಳಗೆ. ಆಯುಧಪೂಜೆಯ ದಿನ ಸ್ಪ್ಯಾನರು, ಜಾಕಿನ ಪಕ್ಕ ಆ ಗಂಟನ್ನೂ ಇಟ್ಟು ಪೂಜೆ ಮಾಡುತ್ತಿದ್ದರು. ನಾನು ಹೋಗಿ ಪ್ರಸಾದ ತಿಂದು ಬರುತ್ತಿದ್ದೆ. ಒಂದು ವರ್ಷವಾದರೂ ಆ ಗಂಟು ಬಿಚ್ಚಿ ಅದರಲ್ಲೇನಿದೆ ಎಂದು ಹೇಳಲಿಲ್ಲ. ಹಬ್ಬದ ದಿನ ಯಾಕೆ ಎನಿಸುತ್ತಿತ್ತು.

ಶೋರೂಮು ಚೆನ್ನಾಗಿಯೇ ನಡೆಯಿತು. ಹೊಸ ಕಾರು ಕೊಡುವಾಗ ಕಂಪನಿಯ ಪದ್ಧತಿ ಒಂದಿತ್ತು. ಕೇಕು ಕತ್ತರಿಸಿ, ರಟ್ಟಿನ ದೊಡ್ಡ ಕೀಲಿಕೈ ಹಿಡಿಸಿ ಫೋಟೋ ತೆಗೆಯಬೇಕು. ಅವರು ಅದಕ್ಕೆಲ್ಲ ಕೈ ಹಾಕುತ್ತಿರಲಿಲ್ಲ. ಬಂದ ಮನೆಮಂದಿಯ ಕಡೆ ನೋಡಿ, “ಮನೀಗಿ ಹಿರೇ ಹೆಂಗಸು ಯಾರ್ರಿ?” ಎಂದು ಕೇಳುತ್ತಿದ್ದರು. ಹಿಂದೆಲ್ಲೋ ಸೆರಗು ಹೊದ್ದು ನಿಂತ ಮುದುಕಿಯನ್ನು ಮುಂದೆ ಕರೆತರುತ್ತಿದ್ದರು. ಅವರು ಬಾಗಿ, ಎರಡೂ ಕೈಯಲ್ಲಿ ಕೀಲಿಕೈಯನ್ನು ಆಕೆಯ ಕೈಯೊಳಗೆ ಇಟ್ಟು, “ನಾ ಅದೀನಬೆ ಯವ್ವಾ” ಎನ್ನುತ್ತಿದ್ದರು. ಎಷ್ಟೋ ಮುದುಕಿಯರು ಅಳುತ್ತಿದ್ದರು. ತಪಾಸಣೆಗೆ ಬಂದ ಕಂಪನಿಯ ಹುಡುಗರು ರಟ್ಟಿನ ಕೀಲಿಯ ಫೋಟೋ ಇಲ್ಲವೆಂದು ಇವರ ಅಂಕ ಕಡಿಮೆ ಮಾಡಿ ಹೋಗುತ್ತಿದ್ದರು.

ಹನ್ನೊಂದು ವರ್ಷದ ಮೇಲೆ ಒಂದು ಮಧ್ಯಾಹ್ನ ಆ ಹಳದಿ ಗಂಟು ಕಂಕುಳಲ್ಲಿ ಇಟ್ಟುಕೊಂಡು ನನ್ನ ಆಫೀಸಿಗೆ ಬಂದರು. ಜೊತೆಗೆ ಒಂದು ಹಾಳೆಯ ಪತ್ರ. ಮೂವತ್ತು ದಿನದ ನೋಟಿಸು. ಕಾರಣವಿಲ್ಲ. ‘ಇಷ್ಟು ವರ್ಷದ ಸಹಕಾರಕ್ಕೆ ಧನ್ಯವಾದ’ ಎಂದು ಕೊನೆಯಲ್ಲಿತ್ತು. ನಾಲ್ಕೈದು ಜಿಲ್ಲೆಗೆ ಒಬ್ಬನೇ ದೊಡ್ಡ ಡೀಲರು ಸಾಕೆಂದು ಮೇಲೆ ತೀರ್ಮಾನವಾಗಿದೆ ಎಂಬುದು ಆಮೇಲೆ ಗೊತ್ತಾಯಿತು. ಇವರ ಹೆಸರಿನ ಮೇಲೆ ಬೆಳೆದು, ಬೆಳೆದಾದ ಮೇಲೆ ಇವರಿಂದ ಕೈ ತೊಳೆದುಕೊಂಡರು.

ಗಂಟನ್ನು ಅವರು ಬಿಚ್ಚಲಿಲ್ಲ. ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದರು. ನಾನು ದಾರ ಬಿಚ್ಚಿದೆ. ಅರಿಶಿಣ ಕೂತು ಪುಟಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಒಂದೊಂದೇ ಬಿಡಿಸಿ, ಆ ಷರತ್ತು ಹುಡುಕಿ, ಕನ್ನಡದಲ್ಲಿ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳುವ ಹಾಗೆಯೇ ಕೇಳಿದರು.

“ಇದು ಹೊಸದಾಗಿ ಸೇರಿಸ್ಯಾರೇನ್ರಿ?”

“ಇಲ್ಲ ಅಣ್ಣಾರ. ಮೊದ್ಲಿಂದನೂ ಐತಿ.”

“ನೀವು ಅವತ್ತ ಓದಿದ್ರಿ?”

“ಓದಿದ್ದೆ.”

ಅವರು ಕಣ್ಣು ತೆರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಇವತ್ತು ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲ. “ಚಾ ತರಸ್ರಿ ವಕೀಲ್ರ, ಬಾಯಿ ಒಣಗೇತಿ” ಎಂದರು. ಚಾ ಕುಡಿದು, ಪುಟಗಳನ್ನು ಮತ್ತೆ ನೀಟಾಗಿ ಜೋಡಿಸಿ ಹಳದಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ಆ ವಿಷಯವನ್ನು ಸಾಯುವ ತನಕ ಮತ್ತೆ ಎತ್ತಲಿಲ್ಲ.

ನಾನು ತಲೆ ಕೆಟ್ಟವನಂತೆ ಕಾನೂನಿನ ಪುಸ್ತಕ ತಿರುವಿದೆ. ತಡೆಯಾಜ್ಞೆ ತರೋಣವೆಂದರೆ, ರದ್ದು ಮಾಡುವ ಹಕ್ಕು ಕರಾರಿನಲ್ಲೇ ಇದ್ದಾಗ ಅಂಥ ಕರಾರನ್ನು ಮುಂದುವರಿಸೆಂದು ಕೋರ್ಟು ಬಲವಂತ ಮಾಡುವುದಿಲ್ಲ. ನೋಟಿಸು ಕೊಡದಿದ್ದರೆ ಹೆಚ್ಚೆಂದರೆ ಆ ಮೂವತ್ತು ದಿನದ ನಷ್ಟ ಕೇಳಬಹುದಿತ್ತು, ಅದನ್ನೂ ಅವರು ಕೊಟ್ಟಿದ್ದರು. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ, ಮಾರುವುದಕ್ಕಾಗಿ ಕೊಂಡವನು ಗ್ರಾಹಕನೇ ಅಲ್ಲ. ಅಂದರೆ ಕಾರು ಕೊಂಡವರು ಇವರ ಮೇಲೆ ಕೇಸು ಹಾಕಬಹುದು, ಇವರು ಅದೇ ಕಾರನ್ನು ತಮಗೆ ಮಾರಿದ ಕಂಪನಿಯ ಮೇಲೆ ಅಲ್ಲಿಗೆ ಹೋಗುವಂತಿಲ್ಲ. ಇಂಥ ಕಾನೂನನ್ನು ಕೂತು ಬರೆದವರು ಯಾವತ್ತಾದರೂ ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎದ್ದಿದ್ದಾರೆಯೇ ಎಂದು ನನಗೆ ಅನುಮಾನ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಶೋರೂಮಿನ ಕಂಪ್ಯೂಟರು ಲಾಗಿನ್ ತೆಗೆದುಕೊಳ್ಳಲಿಲ್ಲ. ಸ್ಪೇರ್ ಪಾರ್ಟ್ಸಿಗೆ ಆರ್ಡರು ಹೋಗಲಿಲ್ಲ. ಕಾರಿನ ಒಳಗಿನ ದೋಷ ಓದುವ ಯಂತ್ರವೂ ಬಾಯಿ ಮುಚ್ಚಿತು, ಅದಕ್ಕೂ ಕಂಪನಿಯ ಪಾಸ್‌ವರ್ಡು ಬೇಕು. ಒಂದು ವಾರ ಬಿಟ್ಟು ಇನ್ನೊಂದು ನೋಟಿಸು, ಬೋರ್ಡು ಇನ್ನೂ ಯಾಕೆ ಇಳಿಸಿಲ್ಲ ಎಂದು. ಅಕ್ಷರಗಳನ್ನು ಕೀಳಿಸಿದರು. ಹನ್ನೊಂದು ವರ್ಷದ ಅದಿರು ಲಾರಿಗಳ ಕೆಂಧೂಳು ಸುತ್ತ ಕೂತಿದ್ದರಿಂದ ಅಕ್ಷರ ಇದ್ದ ಕಡೆ ಗೋಡೆ ಬೆಳ್ಳಗೆ ಉಳಿದು ಹೆಸರು ಓದುವ ಹಾಗೇ ಕಾಣುತ್ತಿತ್ತು. ಅದರ ಫೋಟೋ ಲಗತ್ತಿಸಿ ಮೂರನೆಯ ನೋಟಿಸು ಬಂತು. ಅವರು ಏಣಿ ಹಾಕಿ ತಾವೇ ಹತ್ತಿ ಸುಣ್ಣ ಬಳಿದರು. ನಾನು ಕೆಳಗೆ ನಿಂತು ಕಂಪನಿಯ ಏಳು ತಲೆಮಾರನ್ನೂ ಬೈಯುತ್ತಿದ್ದೆ. “ಅವ್ರಿಗೆ ಕೇಳಂಗಿಲ್ರಿ, ಸುಮ್ನ ನಿಮ್ಮ ಗಂಟಲ ನೋಯ್ತೈತಿ” ಎಂದರು ಮೇಲಿನಿಂದ.

ಅಷ್ಟಕ್ಕೇ ಮುಗಿದಿದ್ದರೆ ಅವರು ಮತ್ತೆ ಕೌಲ್ ಬಜಾರಿನಲ್ಲಿ ಸಣ್ಣ ಗ್ಯಾರೇಜು ಹಾಕಿ ಇರುತ್ತಿದ್ದರು. ಹಾಕಿಯೂ ಇದ್ದರು. ಆದರೆ ತೆಕ್ಕಲಕೋಟೆಯ ಟೀಚರಮ್ಮನ ಕಾರು ನಿಂತಿತು.

ಆಕೆ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ರಾರಾವಿಗೆ ಹೋಗಿ ಬರಬೇಕು. ತಾಯಿಗೆ ಕಿಡ್ನಿ ಕಾಯಿಲೆ, ವಾರಕ್ಕೆರಡು ಸಲ ಡಯಾಲಿಸಿಸಿಗೆ ಬಳ್ಳಾರಿಗೆ ಕರೆತರಬೇಕು. ಅದಕ್ಕೆಂದೇ ಕಾರು ಕೊಂಡದ್ದು. ಕೀಲಿಕೈ ಕೊಟ್ಟ ದಿನ ಇವರು ಆ ತಾಯಿಯ ಕೈಯಲ್ಲೇ ಇಟ್ಟಿದ್ದರು. ವಾರಂಟಿ ಇನ್ನೂ ಎರಡು ವರ್ಷವಿತ್ತು. ಡೀಲರ್‌ಶಿಪ್ಪು ಹೋದ ಐದನೆಯ ತಿಂಗಳಿಗೆ ಆ ಕಾರು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತದ್ದು ಮತ್ತೆ ಸ್ಟಾರ್ಟ್ ಆಗಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ, ಹುಬ್ಬಳ್ಳಿಯ ಡೀಲರ ಹತ್ತಿರ ತನ್ನಿ, ತರುವ ಏರ್ಪಾಡು ನಿಮ್ಮದೇ, ವಾರಂಟಿಯ ಮಾತು ಆಮೇಲೆ ಎಂದರು.

ಆಕೆ ಇವರಿಗೆ ಫೋನು ಮಾಡಿದಳು. ಇವರು ಹೋದರು. ಬಾನೆಟ್ ಎತ್ತಿ, ಕೀಲಿ ತಿರುಗಿಸಲು ಹೇಳಿ, ಸ್ಕ್ರೂಡ್ರೈವರು ಕಿವಿಗೆ ಹಚ್ಚಿ, ಮತ್ತೆ ಮತ್ತೆ ಕೇಳಿದರು. ಅವತ್ತು ಅವರನ್ನು ನನ್ನ ಕಾರಿನಲ್ಲೇ ಕರೆದೊಯ್ದಿದ್ದೆ, ಅದಕ್ಕೇ ಆ ಮುಖ ನೆನಪಿದೆ. ಅರವತ್ತಾರು ವರ್ಷದ ಮನುಷ್ಯ, ಅಂಗಿಯ ತೋಳು ಮಡಚಿ, ಬೆವರು ಒರೆಸಿಕೊಳ್ಳುತ್ತ ಹಿಂದೆ ಸರಿದರು.

“ಎಂಜಿನ್ ನಂಜೋಡಿ ಮಾತಾಡ್ತೈತ್ರಿ. ಅದರ ತಲ್ಯಾಗಿನ ಪೆಟ್ಟಿಗಿ ಮಾತಾಡವಲ್ದು. ಆ ಪೆಟ್ಟಿಗಿ ತಗಿಯೋ ಕೀಲಿ ಕಂಪನ್ಯಾರ ಕಡೆ ಐತಿ.”

ಅದೇ ಕಾರು, ಅದೇ ಕೈ, ಪಾಸ್‌ವರ್ಡು ಕಿತ್ತುಕೊಂಡಿದ್ದರಿಂದ ಆ ಕೈಗೆ ಕೆಲಸ ಬಾರದಂತಾಯಿತು. ಕಂಪನಿಗೆ ಅವರೇ ಎರಡು ಸಲ ಪತ್ರ ಬರೆಸಿದರು. ‘ನೀವು ಈಗ ಅಧಿಕೃತರಲ್ಲ’ ಎಂದು ಒಂದು ಸಾಲಿನ ಉತ್ತರ. ಟೀಚರಮ್ಮ ತಾಯಿಯನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬಳ್ಳಾರಿಗೆ ಬರತೊಡಗಿದಳು. ಯಾರೋ ಹೇಳಿದ್ದಕ್ಕೆ ಗ್ರಾಹಕರ ಆಯೋಗದಲ್ಲಿ ದೂರನ್ನೂ ಕೊಟ್ಟಳು. ಮಾರಿದವರೆಂದು ಒಂದನೆಯ ಎದುರುದಾರರು ಇವರು, ಎರಡನೆಯ ಎದುರುದಾರರು ಕಂಪನಿ.

ನನಗೆ ಇದು ಸುಲಭದ ಕೇಸು. ಕಂಪನಿ ಯಾವ ಅಗ್ರಿಮೆಂಟಿನಿಂದ ಇವರ ಕತ್ತು ಹಿಡಿದು ಹೊರಗೆ ಹಾಕಿತ್ತೋ ಅದನ್ನೇ ಮುಂದಿಟ್ಟು ಇವರನ್ನು ಬಿಡಿಸಬಹುದು. ಹಲ್ಲು ಕಡಿಯುತ್ತ, ಖುಷಿಯಿಂದ ಉತ್ತರ ಬರೆದೆ. ‘ಒಂದನೇ ಎದುರುದಾರರು ಈಗ ಸದರಿ ಕಂಪನಿಯ ಡೀಲರ್ ಆಗಿರುವುದಿಲ್ಲ. ಸದರಿ ವಾಹನಕ್ಕೂ ಇವರಿಗೂ ಈಗ ಯಾವುದೇ ಸಂಬಂಧ ಇರುವುದಿಲ್ಲ.’ ಆಯೋಗದ ಹೊರಗಿನ ಚಾದಂಗಡಿಯಲ್ಲಿ ಸಹಿಗೆ ಕೊಟ್ಟೆ. ಈ ಸಲ ಕನ್ನಡದಲ್ಲಿತ್ತು. ಅವರು ಬೆರಳಿಟ್ಟು ಓದಿದರು.

“‘ಸಂಬಂಧ ಇಲ್ಲ’ ಅಂತ ಬರದೀರೇನ್ರಿ?”

“ಕಾನೂನಿನ ಪ್ರಕಾರ ಇಲ್ಲ ಅಣ್ಣಾರ. ಅದ ನಮ್ಮನ್ನ ಉಳಸೋದು.”

“ಆ ಟೀಚರಮ್ಮನ ಅವ್ವ ನನ್ನ ಕೈಯಾಗಿಂದ ಕೀಲಿ ಇಸ್ಕೊಂಡಾಳ. ನಾ ಅದೀನಿ ಅಂತ ಹೇಳೀನಿ. ಈಗ ನಾ ಇಲ್ಲ ಅಂತ ನಾನ ಸಹಿ ಮಾಡ್ಲೇನ್ರಿ?”

“ಇದು ಆಯೋಗ ಅಣ್ಣಾರ, ನಿಮ್ಮ ಕೌಲ್ ಬಜಾರ್ ಗ್ಯಾರೇಜ್ ಅಲ್ಲ.”

“ಗ್ಯಾರೇಜ್ ಆಗಿದ್ರ ಎರಡು ತಾಸಿನ್ಯಾಗ ಮುಗೀತಿತ್ತು ಬಿಡ್ರಿ.”

ಪೆನ್ನಿನ ಟೋಪಿ ಹಾಕಿ ನನ್ನ ಜೇಬಿಗೆ ಸಿಗಿಸಿದರು. ನನಗೆ ಕೆಂಡದಂಥ ಸಿಟ್ಟು ಬಂತು. ಚಾದಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ಕೂಗಾಡಿದೆ. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇಲ್ಲ, ಕಾಗದಕ್ಕಷ್ಟೇ ಬೆಲೆ, ಕಾಗದ ಓದದೆ ಪೂಜೆ ಮಾಡಿದ್ದಕ್ಕೇ ಈ ಗತಿ ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಓದಿದವನು ನಾನು, ಪೂಜೆಯ ಪ್ರಸಾದ ತಿಂದವನೂ ನಾನು. ಅವರು ಎದ್ದು ಚಾದ ದುಡ್ಡು ಕೊಟ್ಟು ಹೋದರು.

ಮರುದಿನ ಅವರು ಮಾಡಿದ ಕೆಲಸ ನನಗೆ ಟೀಚರಮ್ಮನಿಂದ ಗೊತ್ತಾಯಿತು. ಅವರ ಮನೆಯಲ್ಲಿ ಅದೇ ಮಾದರಿಯ ಕಾರೊಂದಿತ್ತು, ಸ್ವಂತದ್ದು. ಅದನ್ನು ತೊಳೆದು, ತಾವೇ ಓಡಿಸಿಕೊಂಡು ತೆಕ್ಕಲಕೋಟೆಗೆ ಹೋದರು. ಮಂಚದ ಮೇಲಿದ್ದ ಆ ತಾಯಿಯ ಮುಂದೆ ಬಾಗಿ ಎರಡೂ ಕೈಯಲ್ಲಿ ಕೀಲಿಕೈ ಇಟ್ಟು, “ನಿಮ್ಮ ಗಾಡಿ ರಿಪೇರಿ ಆಗೋಮಟ ಇದನ್ನ ಇಟ್ಕೋಬೆ ಯವ್ವಾ” ಎಂದರು. ವಾಪಸ್ಸು ಬಸ್ಸಿನಲ್ಲಿ ಬಂದರು. ಟೀಚರಮ್ಮ ನನ್ನ ಮುಂದೆ ಕೂತು ಅತ್ತಳು, “ಸರ್, ನಾ ಅವ್ರ ಹೆಸರು ದೂರಿನಾಗಿಂದ ತಗೀತೀನ್ರಿ, ಕಂಪನಿದು ಅಷ್ಟ ಇರ್ಲಿ” ಎಂದಳು. ತೆಗೆಸಿದೆವು. ಕಂಪನಿಯ ಮೇಲಿನದು ಇವತ್ತಿಗೂ ನಡೆಯುತ್ತಿದೆ. ಅವರ ವಕೀಲರು ಬೆಂಗಳೂರಿನಿಂದ ಬಂದು ಕಾಲಾವಕಾಶ ಕೇಳುತ್ತಾರೆ, ಹೋಗುತ್ತಾರೆ. ಬೇವಿನ ಗಿಡದ ಕೆಳಗಿನ ಕಾರಿನ ಮೇಲೆ ಎರಡು ಸಲ ಬೇವು ಉದುರಿತು.

ಒಂದೂವರೆ ವರ್ಷ ಅವರು ಬಸ್ಸಿನಲ್ಲೇ ಓಡಾಡಿದರು. ಸಾವಿರ ಜನರನ್ನು ಕಾರು ಹತ್ತಿಸಿದ ಮನುಷ್ಯ ಮೋತಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು. ಗುರುತಿನವರು ಕಾರು ನಿಲ್ಲಿಸಿ ಹತ್ತಿಸಿಕೊಂಡರೆ ಹತ್ತಿ, ಕೂತ ಕೂಡಲೇ ಎಂಜಿನ್ನಿಗೆ ಕಿವಿಗೊಟ್ಟು, “ಬೆಲ್ಟ್ ಬದಲಿ ಮಾಡಸ್ರಿ” ಎಂದು ಇಳಿಯುತ್ತಿದ್ದರು. ಎದೆನೋವಿಗೆ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಡಾಕ್ಟರು ಏನೋ ಹೆಸರು ಹೇಳಿದರು. ಆ ಹೆಸರನ್ನು ನಾನು ಒಪ್ಪಿಲ್ಲ.

ಕುರುಗೋಡಿನಲ್ಲಿ ಮಣ್ಣಾದ ಮೂರನೆಯ ದಿನ ಟೀಚರಮ್ಮ ಆ ಕಾರಿನಲ್ಲಿ ಬಂದಳು. ಅಂಗಳದಲ್ಲಿ ನಿಂತು, “ಮನೀಗಿ ಹಿರೇರು ಯಾರ್ರಿ?” ಎಂದು ಕೇಳಿದಳು. ನಮ್ಮ ಅಣ್ಣಾರ ತಾಯಿ ಇನ್ನೂ ಇದ್ದಾಳೆ, ಕಣ್ಣು ಮಂಜಾಗಿದೆ. ಟೀಚರಮ್ಮ ಬಾಗಿ ಕೀಲಿಕೈಯನ್ನು ಎರಡೂ ಕೈಯಲ್ಲಿ ಆ ಮುದುಕಿಯ ಕೈಗಿಟ್ಟಳು. ಮುದುಕಿ ಅದನ್ನು ಸವರಿ ನೋಡಿ ಕೇಳಿದಳು.

“ನಿನ್ನ ಗಾಡಿ ಚಾಲೂ ಆತೇನವ್ವ?”

“ಇನ್ನಾ ಇಲ್ಲಬೆ.”

“ಹಂಗಾರ ನಾ ಇಸ್ಕೊಂಡ್ರ ನನ್ನ ಮಗ ಸುಳ್ಳ ಆಗ್ತಾನ. ತಗಾ, ಒಯ್ಯಿ.”

ಕೀಲಿಕೈ ತೆಕ್ಕಲಕೋಟೆಗೆ ವಾಪಸ್ಸು ಹೋಯಿತು. ಕಂಪನಿಯಿಂದ ಒಂದು ಹೂವಿನ ಹಾರವೂ ಬಂದಿರಲಿಲ್ಲ, ಬರಲಿ ಎಂದು ನಾನೂ ಕಾದಿರಲಿಲ್ಲ.

ಈಗ ಹೋದ ವಾರದ ಮಾತು. ಸಿರುಗುಪ್ಪದ ಅಕ್ಕಿ ಗಿರಣಿಯ ಮನೆತನದವನೊಬ್ಬ, ಮೂವತ್ತೈದರ ಆಸುಪಾಸು, ಹಸನ್ಮುಖಿ, ನನ್ನ ಆಫೀಸಿಗೆ ಬಂದ. ಅದೇ ಕಂಪನಿ ಬಳ್ಳಾರಿಗೆ ಮತ್ತೆ ಡೀಲರನ್ನು ಹುಡುಕಿದೆ. ಒಬ್ಬನೇ ದೊಡ್ಡ ಡೀಲರಿನ ಲೆಕ್ಕ ಅವರಿಗೆ ಕೂಡಿಬರಲಿಲ್ಲವಂತೆ. ಇವನಿಗೆ ಸಿಕ್ಕಿದೆ. ಪೂಜೆಯ ದಿನ ನಿಶ್ಚಯವಾಗಿದೆ. “ಆ ಕಂಪನಿ ಕಾಗದ ನಿಮಗ ಗೊತ್ತಂತಲ್ರಿ ಸರ್. ಬಂದು ಒಂದೀಟು ನೋಡಿ ಹೇಳ್ರಿ” ಎಂದ.

ಹೋದೆ. ಅದೇ ಮಾವಿನ ತೋರಣ, ಅದೇ ಕಲಶ, ಬೇರೆ ನೀಲಿ ಕೋಟು. ತಟ್ಟೆಯಲ್ಲಿ ಅರಿಶಿಣ ಕುಂಕುಮ, ಪಕ್ಕದಲ್ಲಿ ಮಡಚಿಟ್ಟ ಹಳದಿ ಬಟ್ಟೆ. ನಾನು ಕುರ್ಚಿ ಎಳೆದುಕೊಂಡು ಕೂತು, ಅಗ್ರಿಮೆಂಟನ್ನು ಮೊದಲ ಪುಟದಿಂದ ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದೆ. ನೀಲಿ ಕೋಟಿನವನು ಕೆಮ್ಮಿದ. ಅಯ್ಯನವರು ಗಡಿಯಾರ ನೋಡಿದರು. ಮುಹೂರ್ತ ಬಂತು, ಹೋಯಿತು. ನೆಂಟರು ಒಬ್ಬೊಬ್ಬರಾಗಿ ಊಟದ ಕಡೆ ಎದ್ದರು. ನಾನು ನಿಲ್ಲಿಸಲಿಲ್ಲ. ಮೂವತ್ತು ದಿನದ ಷರತ್ತನ್ನು ಎರಡು ಸಲ ಓದಿದೆ. ಈ ಊರಲ್ಲಿ ಇದೇ ಕಾಗದಕ್ಕೆ ಸಹಿ ಹಾಕಿದ ಒಬ್ಬರಿಗೆ ಏನಾಯಿತೆಂದೂ ಹೇಳಿದೆ.

ಅವನು ಗೌರವದಿಂದ ಕೇಳಿಸಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, ನನಗೆ ಬೇಸರವಾಗಬಾರದೆಂಬ ಹಾಗೆ ಹೇಳಿದ.

“ಎಲ್ಲಾರದೂ ಹಿಂಗ ಇರ್ತೈತಂತ್ರಿ ಸರ್. ಮತ್ತ, ತಪ್ಪು ತಿಳ್ಕೋಬ್ಯಾಡ್ರಿ, ಅವ್ರು ಒಳ್ಳೇರು ಖರೆ. ಆದ್ರ ಅವ್ರಿಗೆ ವ್ಯಾಪಾರ ಮಾಡಾಕ ಬರ್ತಿದ್ದಿಲ್ಲಂತ.”

ಕಂಪನಿಯವನು ತನ್ನ ಜೇಬಿನಿಂದ ಪೆನ್ನು ತೆಗೆದು ಅವನಿಗೆ ಕೊಟ್ಟ. ನಾನು ಎದ್ದು ನಿಂತೆ.

“ಅವ್ರಿಗೆ ವ್ಯಾಪಾರ ಬರ್ತಿತ್ತಪ” ಎಂದೆ. “ಓದಾಕ ಬರ್ಲಾರದಾಂವ ನಾನು.”